ಹೊಸತೊಡಕಿನ ನೀರು

ಮೇಷ್ಟ್ರ ಜನಿವಾರದಲ್ಲಿ ಮನೆಯ ಬೀಗದ ಕೈ ಜೊತೆಗೆ ಒಂದು ಮಡಿಸುವ ಚಾಕು ನೇತಾಡುತ್ತಿತ್ತು. ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ಬೆವೆತು ಬನಿಯನ್ ಮೈಗೆ ಅಂಟಿಕೊಂಡಾಗ ಎರಡೂ ಹೊಟ್ಟೆಯ ಮೇಲೆ ಅಚ್ಚೊತ್ತಿದ ಹಾಗೆ ಮೂಡಿ ಕಾಣುತ್ತಿದ್ದವು. ಬಗ್ಗಿದರೆ ಟಿಣ್ಣೆಂದು ಸದ್ದು. ಗಿಡದ ಒಣಕಡ್ಡಿ ಸವರುವುದೂ ಅದೇ ಚಾಕುವಿನಿಂದ, ನಮ್ಮಿಬ್ಬರಿಗೂ ಸೌತೆಕಾಯಿ ಹೆಚ್ಚುವುದೂ ಅದರಿಂದಲೇ. ತೊಳೆದದ್ದನ್ನು ಮಾತ್ರ ನಾನು ಕಂಡಿಲ್ಲ.

ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಹೇಳಿಕೊಟ್ಟ ಮೇಷ್ಟ್ರು ಅವರು. ಕೃಷ್ಣರಾಜಪೇಟೆಯಿಂದ ಅಕ್ಕಿಹೆಬ್ಬಾಳಿನ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ದೇವಸ್ಥಾನದ ಪೂಜೆ ಅವರ ಮನೆತನದ್ದು. ಅಣ್ಣ ದೇವರನ್ನು ನೋಡಿಕೊಂಡರು, ಇವರು ಬಣ್ಣದ ಸೀಮೆಸುಣ್ಣ ಹಿಡಿದರು. ರಿಟೈರಾದ ಮೇಲೆ ಊರ ಗುಂಡುತೋಪನ್ನು ಹಿಡಿದರು, ಆಮೇಲೆ ನನ್ನನ್ನು ಹಿಡಿದರು. ತೋಪಿನ ಎದುರಿಗೇ ನನ್ನ ಬೀಜ ಗೊಬ್ಬರದ ಅಂಗಡಿ. "ಒಳಗೆ ಕೂತು ಹುಲ್ಲು ಸಾಯಿಸೋ ಔಷಧಿ ಮಾರ್ತೀಯ. ಹೊರಗೆ ಬಂದು ಸ್ವಲ್ಪ ಪ್ರಾಯಶ್ಚಿತ್ತ ಮಾಡ್ಕೋ ಬಾರೋ" ಎಂದು ಒಂದು ದಿನ ಕರೆದರು. ಒಂದು ಬಿಂದಿಗೆ ನೀರು ತಾನೇ ಎಂದುಕೊಂಡು ಹೋದೆ. ಅವತ್ತು ಹೋದವನಿಗೆ ವಾಪಸು ಬರುವುದಕ್ಕೇ ಆಗಲಿಲ್ಲ.

ತೋಪು ಅಂದರೆ ಹೆಸರಿಗೆ ತೋಪು. ಹಳಬರು ಹೇಳುತ್ತಿದ್ದ ಹಿಪ್ಪೆ, ನೇರಳೆ, ಹೊಂಗೆ ಮರಗಳಲ್ಲಿ ಅರ್ಧ ರಸ್ತೆ ಅಗಲ ಮಾಡುವಾಗ ಹೋದವು. ಮಿಕ್ಕಿದ್ದು ಹೇಗೆ ಹೋಯಿತೆಂದು ಯಾರನ್ನು ಕೇಳಿದರೂ ಬಾಯಿ ಬಿಡುವುದಿಲ್ಲ. ಮದುವೆ ಛತ್ರಕ್ಕೆ ಬಂದವರು ಕಾರು ನಿಲ್ಲಿಸುವ ಬಯಲಾಗಿತ್ತು ಅದು. ಸಾಯುವುದರೊಳಗೆ ಅದನ್ನು ಮತ್ತೆ ತೋಪು ಮಾಡಬೇಕು, ಅದೂ ನಮ್ಮ ನೆಲದ ಮರಗಳಿಂದಲೇ ಮಾಡಬೇಕು ಎಂದು ಮೇಷ್ಟ್ರಿಗೆ ಹಟ. ಯಾರಾದರೂ ಅಕೇಶಿಯಾ ಸಸಿ ತಂದುಕೊಟ್ಟರೆ, ಬೇಡದ ಸಂಬಂಧ ಬಂದ ಹೆಣ್ಣಿನ ತಂದೆಯ ಹಾಗೆ ಮುಖ ಮಾಡುತ್ತಿದ್ದರು. ಚಳಿ ಬಿಡುತ್ತಿದ್ದಂತೆ ಹೇಮಾವತಿಯ ದಂಡೆಗೆ ಹೋಗಿ ಹೊಳೆಮತ್ತಿಯ ಬೀಜ ಆಯುವುದು, ಉದುರಿದ ಹೊಂಗೆಕಾಯಿಯನ್ನು ಚೀಲಕ್ಕೆ ತುಂಬುವುದು, ಹಿತ್ತಿಲಿನಲ್ಲಿ ಸಸಿ ಎಬ್ಬಿಸುವುದು. ಮಳೆಗಾಲದಲ್ಲಿ ನೆಡುವ ದಿನ ಊರೇ ಬರುತ್ತಿತ್ತು, ಫೋಟೋ ತೆಗೆಸಿಕೊಂಡು ಹೋಗುತ್ತಿತ್ತು. ಯುಗಾದಿ ಹೊತ್ತಿಗೆ, ಊರಿನ ಹೊಂಗೆಮರಗಳೆಲ್ಲ ಚಿಗುರಿ ನೋಡುವುದಕ್ಕೆ ಚೆಂದವಾಗಿರುವಾಗ, ನಮ್ಮ ಎಳೆಸಸಿಗಳು ಸುಟ್ಟುಕೊಂಡು ನಿಂತಿರುತ್ತಿದ್ದವು. ಆಗ ಅಲ್ಲಿ ನಾವಿಬ್ಬರೇ.

"ಗಿಡ ನೆಡೋದು ಮಳೆಗಾಲದ ಕೆಲಸ ಅಲ್ಲ ಕಣೋ, ಬೇಸಿಗೆ ಕೆಲಸ" ಅನ್ನುತ್ತಿದ್ದರು. ಆ ಮಾತು ಕೇಳಿದರೇ ನನಗೆ ಹೆಗಲು ನೋಯುತ್ತಿತ್ತು. ಒಂದು ಬೇಸಿಗೆ ಮೇಕೆ ಬಂದವು, ಇನ್ನೊಂದು ಬೇಸಿಗೆ ಯಾರೋ ಬೀಡಿ ಎಸೆದು ಹುಲ್ಲಿಗೆ ಬೆಂಕಿ ಬಿತ್ತು. ಮದುವೆಗೆ ಬಂದ ಕಾರೊಂದು ರಿವರ್ಸ್ ತೆಗೆದುಕೊಳ್ಳುವಾಗ ಎದೆಮಟ್ಟ ಬಂದಿದ್ದ ನೇರಳೆಯನ್ನು ಮಲಗಿಸಿತು. ಮೇಷ್ಟ್ರು ಅದರ ಪಕ್ಕ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದು, ಎದ್ದು, "ಗುಂಡಿ ಅಂತೂ ಇದೆಯಲ್ಲ" ಎಂದರು. ಅವರ ತಾಳ್ಮೆ ಕಂಡು ಎಷ್ಟೋ ಸಲ ನನಗೆ ರೇಗಿದೆ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಬ್ಬದ ಹೋಳಿಗೆ ಮುಗಿಯಿತು, ಇನ್ನು ಮನೆಮನೆಯಲ್ಲೂ ಬಾಡೂಟ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಂಬಿಕೆ. ಅದಕ್ಕೇ ಅವತ್ತು ಯಾರೂ ಜಗಳ ತೆಗೆಯುವುದಿಲ್ಲ, ಹೊಟ್ಟೆ ತುಂಬ ಉಣ್ಣುವುದನ್ನು ಯಾರೂ ತಪ್ಪಿಸುವುದಿಲ್ಲ. ಬೆಳಕು ಹರಿಯುವಷ್ಟರಲ್ಲಿ ತೋಪಿನ ಪಕ್ಕದ ಮಟನ್ ಅಂಗಡಿಯ ಮುಂದೆ ಊರು ಸಾಲುಗಟ್ಟಿರುತ್ತದೆ. ಒಂದು ವರ್ಷ ಬಿಂದಿಗೆ ಹೊತ್ತು ಹೋಗುತ್ತಿದ್ದ ಮೇಷ್ಟ್ರು ಆ ಸಾಲನ್ನು ನೋಡಿ ನಿಂತುಬಿಟ್ಟರು. ಅವರ ತಲೆಯಲ್ಲಿ ಏನೋ ಓಡುತ್ತಿದೆ ಎಂದು ನನಗೆ ಆಗಲೇ ಭಯವಾಯಿತು.

ಈರುಳ್ಳಿಯನ್ನೂ ಒಳಗೆ ಬಿಡದ ಮನೆಯ ಮನುಷ್ಯ, ಬಿಂದಿಗೆ ಸಮೇತ ಮಟನ್ ಅಂಗಡಿಯ ಸಾಲಿನ ಪಕ್ಕ ಹೋಗಿ ನಿಂತರು. ಸಾಲಿನಲ್ಲಿದ್ದ ರೈತನೊಬ್ಬ, "ಇದೇನ್ ಐನೋರೇ, ನೀವೂ ಬಂದ್ಬುಟ್ರಿ?" ಎಂದು ನಕ್ಕ.

"ನಿನ್ನ ಹತ್ರ ಕೆಲಸ ಇದೆ ಕಣಯ್ಯ. ಇವತ್ತು ಮಾಡಿದ್ದೇ ವರ್ಷವೆಲ್ಲ ಅಂತೀರಲ್ಲ, ಒಂದು ಬಿಂದಿಗೆ ನೀರು ಗಿಡಕ್ಕೆ ಹುಯ್ದು ಬಾ."

"ಉಯ್ತಿದ್ದೆ ಮೇಷ್ಟ್ರೇ. ಆದ್ರೆ ನಾನ್ ಅತ್ಲಾಗೋದ್ರೆ ಇವ್ನು ನನ್ ಜಾಗ್ಕೆ ಬಂದ್ಬುಡ್ತಾನೆ. ಅಷ್ಟೊತ್ಗೆ ತೊಡೆಮಾಂಸ ಖಾಲಿಯಾಗೋಯ್ತದೆ."

ಆ ವರ್ಷ ಒಬ್ಬರೂ ಸಾಲು ಬಿಟ್ಟು ಕದಲಲಿಲ್ಲ. ಮೇಷ್ಟ್ರು ಮನೆಗೆ ಹೋದರೆ ಅವರ ಹೆಂಡತಿ ಹಿತ್ತಿಲ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದರಂತೆ. ಅಣ್ಣ ಬಹಳ ದಿನ ಮಾತು ಬಿಟ್ಟಿದ್ದರು. ಮೇಷ್ಟ್ರಿಗೆ ಅದರ ಯೋಚನೆಯೇ ಇರಲಿಲ್ಲ. "ಅವನು ಹೇಳಿದ್ದು ನ್ಯಾಯ ಕಣೋ. ಜಾಗ ಹೋಗ್ತದೆ ಅಂದ್ರೆ ಯಾರು ಬರ್ತಾರೆ?" ಎಂದು ನನ್ನ ಅಂಗಡಿಯ ಗೊಬ್ಬರದ ಮೂಟೆಯ ಮೇಲೆ ಕೂತು ತಿಂಗಳುಗಟ್ಟಲೆ ಅದನ್ನೇ ಹೇಳಿದರು.

ಮುಂದಿನ ಯುಗಾದಿಗೆ ನೇರವಾಗಿ ಮಟನ್ ಅಂಗಡಿಯವನ ಬಳಿಗೇ ಹೋದರು. ಅವನೂ ನನ್ನ ಹಾಗೆ ಅವರ ಶಿಷ್ಯ. ತೋಪಿಗೆ ನೀರು ಹುಯ್ದು ಕೆಸರು ಕಾಲಲ್ಲಿ ಬಂದವರಿಗೆ ಮೊದಲು ಮಾಂಸ, ಒಣಗಾಲಿನವರು ಹಿಂದಕ್ಕೆ. ಇದು ಅವರು ಕೇಳಿದ್ದು.

"ಸಾ, ಇವ್ರೆಲ್ಲ ನನ್ನ ಸುಮ್ನೆ ಬುಟ್ಟಾರಾ?" ಎಂದ ಅಂಗಡಿಯವನು.

"ನಿನಗೆ ಕುರಿ ಬರೆಯೋದು ಹೇಳಿಕೊಟ್ಟವನು ಯಾರೋ?"

"ನೀವೇ ಸಾ."

"ಕುರಿಗೆ ನೀನು ಮೂರೇ ಕಾಲು ಬರೆದಿದ್ದೆ. ಆದ್ರೂ ಪಾಸ್ ಮಾಡಲಿಲ್ವಾ? ಸುಮ್ನೆ ಹೇಳಿದ್ದು ಮಾಡು."

ಅವನು ಮಾಡಿದ. ಆ ಬೆಳಿಗ್ಗೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬೈದುಕೊಂಡೇ ಆದರೂ ಜನ ಬಿಂದಿಗೆ ಹಿಡಿದು ಓಡಿದರು. ಇಬ್ಬರು ಬುದ್ಧಿವಂತರು ಅಂಗಡಿ ಪಕ್ಕದ ಚರಂಡಿಗೇ ಕಾಲು ಅದ್ದಿಕೊಂಡು ಬಂದು ಮುಂದೆ ನಿಂತರು. ಮೇಷ್ಟ್ರು ಅವರ ಪಾದ ನೋಡಿ, "ತೋಪಿನ ಮಣ್ಣು ಕೆಂಪಗಿರ್ತದೆ ಕಣಯ್ಯ. ಇದು ಕಪ್ಪು. ಡ್ರಾಯಿಂಗ್ ಕ್ಲಾಸಿಗೆ ಚಕ್ಕರ್ ಹೊಡೆದ್ರೆ ಇದೇ ಆಗೋದು" ಎಂದರು. ಸಾಲಿಗೆ ಸಾಲೇ ಗೊಳ್ಳೆಂದಿತು.

ಇಷ್ಟೆಲ್ಲ ಆದರೂ ಗಿಡ ಬದುಕಬೇಕಲ್ಲ. ಬಂದವರೆಲ್ಲ ಅವಸರಕ್ಕೆ ರಸ್ತೆ ಬದಿಯ ಸಸಿಗೇ ಸುರಿದು ಹೋಗಿದ್ದರು. ಮುಂದಿನ ಹೊಂಗೆಯ ಬುಡ ಕೊಳೆಯಿತು, ಹಿಂದಿನ ಹಿಪ್ಪೆ ಒಣಗಿ ಕಡ್ಡಿಯಾಯಿತು. ನನಗೆ ಸಾಕಪ್ಪಾ ಅನ್ನಿಸಿತು. ಮೇಷ್ಟ್ರು ಮಾತ್ರ ಮರುವರ್ಷ, ರಸ್ತೆ ಬದಿಯಲ್ಲಿದ್ದ ನೀರಿನ ಡ್ರಮ್ಮುಗಳನ್ನು ತೋಪಿನ ತುತ್ತತುದಿಗೆ ಉರುಳಿಸಿ ಇಟ್ಟರು. ನೀರು ಬೇಕಾದರೆ ಒಳಗೆ ನಡೆದು ಹೋಗಬೇಕು. ತುಂಬಿದ ಬಿಂದಿಗೆಯನ್ನು ಅಷ್ಟು ದೂರ ವಾಪಸು ಹೊರಲು ಯಾರಿಗೆ ಇಷ್ಟ? ಜನ ಅಲ್ಲಲ್ಲೇ, ಕಂಡ ಗಿಡಕ್ಕೆ ಹುಯ್ದು ಬಂದರು. ನೀರು ತೋಪಿಗೆಲ್ಲ ಹರಡಿತು.

ಒಂದು ದಿನದ ನೀರಿನಿಂದ ಬೇಸಿಗೆ ದಾಟುವುದಿಲ್ಲ. ಮಿಕ್ಕ ದಿನಗಳಲ್ಲಿ ಹೊರುತ್ತಿದ್ದವರು ನಾವೇ. ಆಗೊಮ್ಮೆ ಈಗೊಮ್ಮೆ, ಹೊಸತೊಡಕಿನಲ್ಲಿ ಹುಯ್ದವರ ಪೈಕಿ ಯಾರಾದರೂ ಹೆಂಗಸರು ತಾವು ನೀರೆರೆದ ಗಿಡ ಹೇಗಿದೆ ಎಂದು ನೋಡಲು ಬಂದು, ಬಂದ ತಪ್ಪಿಗೆ ಒಂದು ಬಿಂದಿಗೆ ಸುರಿದು ಹೋಗುತ್ತಿದ್ದರು. ಗಿಡಗಳು ಹಟ ಮಾಡಿಕೊಂಡೇ ಎದ್ದವು. ಹೊಳೆಮತ್ತಿ ನನ್ನ ತಲೆ ಮೀರಿತು. ಅಷ್ಟರಲ್ಲಿ ನನ್ನ ಮಂಡಿ ಸವೆದಿತ್ತು. ಮೇಷ್ಟ್ರು ಬಿಂದಿಗೆ ಬಿಟ್ಟು ಚೊಂಬಿಗೆ ಇಳಿದಿದ್ದರು.

ಕಳೆದ ಶಿವರಾತ್ರಿಯ ಹೊತ್ತಿಗೆ ಅವರು ಕಾಯಿಲೆ ಬಿದ್ದು ಮಲಗಿದರು. ನೋಡಲು ಹೋದಾಗ ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿದ್ದರು. ತೋಪಿನ ಸುದ್ದಿಯನ್ನು ಎತ್ತುತ್ತಾರೆ, ಎತ್ತಿದರೆ ನಾನು ಹೂಂ ಅಂದುಬಿಡುತ್ತೇನೆ ಎಂದು ಹೆದರಿ, ನಾನೇ ಮೊದಲು ಹೇಳಿಬಿಟ್ಟೆ.

"ಇನ್ನು ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ಸುಸ್ತಾಗಿಬುಟ್ಟದೆ."

ಅವರು ತಿರುಗಲಿಲ್ಲ. "ಆಗದಿದ್ರೆ ಬಿಡೋ. ನಿನ್ನೊಬ್ಬನ್ನೇ ನಂಬ್ಕೊಂಡು ನಾನು ನೆಟ್ಟಿಲ್ಲ" ಎಂದರು. ಆಮೇಲೆ, "ಕಾಫಿ ಕುಡಿದು ಹೋಗು" ಎಂದರು.

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಇಷ್ಟು ವರ್ಷ ಹೆಗಲು ಕೊಟ್ಟವನಿಗೆ ಇಂಥ ಮಾತೇ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಕೆಲವೇ ದಿನಕ್ಕೆ ಅವರು ತೀರಿಕೊಂಡರು. ಹೊಳೆದಂಡೆಯಲ್ಲಿ ಚಿತೆ ಉರಿಯುವಾಗಲೂ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ಅಳುವುದಕ್ಕೂ ಬಿಡಲಿಲ್ಲ.

ಹೊಸತೊಡಕು ಬಂತು. ಈ ವರ್ಷ ತೋಪಿನ ಕಡೆ ತಲೆ ಹಾಕುವುದಿಲ್ಲ ಎಂದು ನಿರ್ಧಾರ ಮಾಡಿದ್ದೆ. ಸ್ನಾನ ಮಾಡಿ, ಹೊಸ ಚಪ್ಪಲಿ ಹಾಕಿಕೊಂಡು, ಎಲ್ಲರಂತೆ ಸ್ಟೀಲ್ ಡಬ್ಬ ಹಿಡಿದು ಮಟನ್ ಅಂಗಡಿಗೆ ಹೋದೆ. ಅಂಗಡಿಯವನು ಕತ್ತಿ ಕೆಳಗಿಟ್ಟು, ಕಟ್ಟೆಯ ಮೇಲಿಂದ ಬಗ್ಗಿ ನನ್ನ ಕಾಲು ನೋಡಿದ.

"ಅಣ್ಣೋ, ಕಾಲು ಒಣಗವೆ. ಇಂದಕ್ ನಿಂತ್ಕಳಿ."

"ಮೇಷ್ಟ್ರೇ ಇಲ್ವಲ್ಲೋ ಈಗ."

"ಅದ್ಕೆ ನಾನೇನ್ ಮಾಡ್ಲಿ? ಇವ್ರೆಲ್ಲ ಉಯ್ಕಂಡ್ ಬಂದವ್ರೆ. ನಿಮ್ಗೆ ಮೊದ್ಲು ಕೊಟ್ರೆ ನನ್ನ ಉಗಿಯಾಕಿಲ್ವಾ?"

ತಿರುಗಿ ನೋಡಿದೆ. ಮುಂದಿದ್ದವರೆಲ್ಲರ ಕಾಲೂ ಕೆಂಪು ಕೆಸರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಮಾಂಸದ ಕಡೆ ನೋಡುತ್ತಿದ್ದರು. ಚಪ್ಪಲಿ ಕಳಚಿಟ್ಟು ತೋಪಿಗೆ ಹೋದೆ. ಡ್ರಮ್ಮುಗಳನ್ನು ಯಾರು ತುಂಬಿಸಿದ್ದರೋ ಗೊತ್ತಿಲ್ಲ, ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಅಲ್ಲೇ ಇದ್ದ ಬಿಂದಿಗೆ ತುಂಬಿಕೊಂಡು ಒಣಗಿದ ಬುಡ ಹುಡುಕುತ್ತಾ ಹೊರಟೆ. ಹೊಂಗೆಯ ಬುಡ ಒದ್ದೆ. ನೇರಳೆಯದೂ ಒದ್ದೆ. ಆ ತುದಿಯ ಹಿಪ್ಪೆಯ ಪಾತಿಯಲ್ಲಿ ನೀರು ಇನ್ನೂ ಇಂಗದೆ ನಿಂತಿತ್ತು. ತೋಪೆಲ್ಲ ಒಂದು ಸುತ್ತು ಬಂದರೂ ನನ್ನ ನೀರು ಬೇಕೆನ್ನುವ ಗಿಡ ಒಂದೂ ಸಿಗಲಿಲ್ಲ.

ನಾಳೆಯಿಂದ ಮತ್ತೆ ಹೊರಬೇಕಾಗುತ್ತದೆ ಎಂದು ಗೊತ್ತಿತ್ತು. ಆದರೂ ಬಿಂದಿಗೆ ಪಕ್ಕಕ್ಕಿಟ್ಟು ಹೊಳೆಮತ್ತಿಯ ಕೆಳಗೆ ಕೂತೆ. ಅದರ ನೆರಳು ಒಬ್ಬ ಮನುಷ್ಯನಿಗೆ ಸಾಕಾಗುವಷ್ಟಿತ್ತು. ಇಷ್ಟು ಬೇಸಿಗೆಗಳಲ್ಲಿ ಆ ತೋಪಿನಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಕೂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೇಷ್ಟ್ರಿಗಾಗಿ ಅತ್ತೆ.