ನಿಂತ ಸೈಕಲ್ಲಿನ ದೀಪ

ಹಜರಾಬಿಯನ್ನು ನಾನು ಮೊದಲು ನೋಡಿದ್ದು ದೆವ್ವ ಅಂತ.

ಎಂಬತ್ತನೇ ಇಸವಿಯ ಆಚೀಚೆ ನೆಲೋಗಿಯಿಂದ ಜೇವರ್ಗಿಗೆ ತೊಗರಿ ಲಾರಿ ಹೊಡೀತಿದ್ದೆ. ಹಳ್ಳದ ಮೋರಿ ಹತ್ತಿರ, ರಸ್ತೆ ತಿರುಗುವಲ್ಲಿ, ಹೊತ್ತು ಮುಳುಗಿದ ಕೂಡಲೇ ಒಂದು ಹಳದಿ ದೀಪ ಕಾಣುತ್ತಿತ್ತು. ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸೈಕಲ್ಲಿನ ಡೈನಮೋ ದೀಪ ಗಾಲಿ ತಿರುಗಿದರೆ ಹತ್ತುತ್ತದೆ, ನಿಂತರೆ ಆರುತ್ತದೆ. ನಿಂತಲ್ಲೇ ಉರಿಯುವುದು ಬದುಕಿದ್ದವರ ದೀಪವಲ್ಲ ಎಂದು ಡ್ರೈವರುಗಳೆಲ್ಲ ನಂಬಿದ್ದರು. ಹಿಂದಿನ ವರ್ಷ ಅದೇ ಮೋರಿ ಮೇಲೆ ಕರೀಮಸಾಬ ಎಂಬಾತ ಜಾರಿದ ಚೈನು ಹಾಕಲು ಸೈಕಲ್ ನಿಲ್ಲಿಸಿದ್ದ. ದೀಪ ಆರಿತ್ತು. ಹಿಂದೆ ಬಂದ ಲಾರಿಗೆ ಆತ ಕಾಣಲೇ ಇಲ್ಲ.

ಅದಕ್ಕೇ ಎಲ್ಲರೂ ಅಲ್ಲಿ ಲಿಂಬೆಹಣ್ಣು ಒಗೆದು ಗಾಡಿ ಜೋರು ಬಿಡುತ್ತಿದ್ದರು.

ಒಂದು ಸಂಜೆ ನನ್ನ ತಲೆ ಕೆಟ್ಟಿತು. ಗಾಡಿ ಬದಿಗಿಳಿಸಿ, ರಾಡು ಹಿಡಿದು ಇಳಿದೆ. "ಯಾವನಲೇ ಅಂವಾ?"

"ಯಾವಾಕಿ ಅನ್ನು," ಎಂದಿತು ದನಿ. "ಲಿಂಬಿಹಣ್ಣು ಒಗ್ಯಾಂವಾ ನೀನೇ ಏನು? ನಿನ್ನಿ ನನ್ನ ಹಣಿಗೆ ಬಡದದ."

ಸೊಟ್ಟ ಹ್ಯಾಂಡಲ್ಲಿನ ಸೈಕಲ್ಲು, ಸ್ಟ್ಯಾಂಡ್ ಮೇಲೆ. ಕರೀಮಸಾಬನ ಹೆಂಡತಿ ಹಜರಾಬಿ ಕೂತು ಕೈಯಿಂದ ಪೆಡಲ್ ತಿರುಗಿಸುತ್ತಿದ್ದಳು.

"ಹುಚ್ಚಿ ಏನಬೇ? ಮನಿಗಿ ಹೋಗು!"

"ಮಗ ಶರಫುದ್ದೀನ ಜೇವರ್ಗಿ ಅಡತಿ ಅಂಗಡಿ ಕೆಲಸದಿಂದ ಈಗ ಬರ್ತಾನ. ಬೆಳಕ ಕಂಡ್ರ ಗಾಡಿಯವ್ರು ಸಾವಕಾಶ ಬರ್ತಾರಂತ ತಿರಗ್ಸಾಕತ್ತೇನಿ. ನೀವು ಇನ್ನೂ ಜೋರ್ ಬಿಡ್ತೀರಲ್ಲೋ!"

"ಈ ದೀಪ ಅವನ ಸೈಕಲ್ಲಿಗೇ ಹಾಕು."

"ಅವರಪ್ಪಗೂ ಇತ್ತಲ್ಲಪ್ಪಾ ದೀಪ. ನಿಂತ, ಆರಿತು. ಆರಬಾರದಂದ್ರ ಯಾರರ ಕುಂತು ತಿರಗಸಬೇಕು."

ದೂರದಲ್ಲಿ ಸೈಕಲ್ ಸದ್ದು. ಆಕೆ ನನ್ನ ತೋಳು ಜಗ್ಗಿ ಮೋರಿಗೋಡೆ ಹಿಂದೆ ಕೂರಿಸಿ, ತಾನೂ ಬಗ್ಗಿದಳು. ಕೈ ಮಾತ್ರ ಪೆಡಲ್ ಬಿಡಲಿಲ್ಲ. ಹುಡುಗ ತಲೆ ತಗ್ಗಿಸಿ, ಕಲ್ಮಾ ಓದುತ್ತ, ಹಾರಿಹೋದಂತೆ ಹೋದ. ಆಕೆ ಕೈ ತೆಗೆದಳು. ಕತ್ತಲಾಯಿತು.

"ತನ್ನ ಅಬ್ಬಾ ನಿಂತಾನ ಅಂತ ಹೆದರ್ತಾನ," ಅಂದಳು. "ಹೇಳಬ್ಯಾಡ. ನಾ ಅಂತ ಗೊತ್ತಾದ್ರ ಮನ್ಯಾಗ ಕೂಡಸ್ತಾನ."

ಮರುದಿನ ಚಹಾದಂಗಡಿಯಲ್ಲಿ, ಮಗನಿಗೆ ಹೇಳಬ್ಯಾಡ್ರಿ ಎಂದು ಆಣೆ ಹಾಕಿಸಿ, ಡ್ರೈವರುಗಳಿಗೆ ನಿಜ ಹೇಳಿದೆ. ಖಂಡಪ್ಪ ಡ್ರೈವರ್ ನಕ್ಕ. "ನಿಂತ ಸೈಕಲ್ಲಿಗೆ ದೀಪ ಹತ್ತತದೇನಲೇ? ನಿನಗ ದೆವ್ವ ಬಡದದ."

ಗ್ಲಾಸು ಕುಕ್ಕಿದೆ. "ಹೌದಲೇ, ದೆವ್ವನೇ! ಜೋರ್ ಹೋದವನ ಹಿಂದ ಮನಿತನಕ ಬರ್ತೇನಿ, ಸಾವಕಾಶ ಹೋದವನನ್ನ ಬಿಡ್ತೇನಿ ಅಂದದ!"

ಯಾರೂ ನಗಲಿಲ್ಲ. ಅಂದಿನಿಂದ ಆ ತಿರುವಿನಲ್ಲಿ ಲಾರಿಗಳು ಎತ್ತಿನಗಾಡಿಯ ಹಾಗೆ ಹೋದವು.

ಹಜರಾಬಿ ವರ್ಷಗಟ್ಟಲೆ ತಿರುಗಿಸಿದಳು. ಒಂದು ಮಳೆಗಾಲ ಜ್ವರ ಬಂದು ಹೋದಳು. ಮಣ್ಣಾದ ಮೇಲೆ ಶರಫುದ್ದೀನ ಅಡತಿಯ ಮುಂದೆ ಸಿಕ್ಕ. "ಚಾಚಾ, ಅಮ್ಮಾ ಹೋದಾಗಿಂದ ಮೋರಿ ಮ್ಯಾಲ ಅಬ್ಬಾನೂ ನಿಂದ್ರೂದಿಲ್ಲ."



ಆ ಸಂಜೆ ಖಾಲಿ ಲಾರಿ ತಗೊಂಡು, ದೀಪ ಹಚ್ಚಿ, ಅವನ ಸೈಕಲ್ ಹಿಂದೆ ಸಾವಕಾಶ ಬಂದೆ. ಮೋರಿ ದಾಟುವ ತನಕ ಅವನು ತಿರುಗಿ ನೋಡಲಿಲ್ಲ.