ಕಿಟಕಿಯ ಕೆಳಗಿನ ಬೂಟು

ಇತ್ಸುಕೊ ಅಕ್ಕನ ಬಾಯಿಗೆ ಹೆದರದವರು ನಮ್ಮ ಕೋಟೆಯಲ್ಲಿಲ್ಲ. ಟಿಕೆಟ್ ಕೊಡುವ ನಾನಂತೂ ಎದುರಾಡಿದವನೇ ಅಲ್ಲ. ಗೋಪುರದ ಬಾಗಿಲಲ್ಲಿ ನಿಂತು, ಬಂದವರ ಬೂಟು ಬಿಚ್ಚಿಸಿ, ಚೀಲದಲ್ಲಿ ಹಾಕಿಸಿ, ಇಳಿಯುವವರೆಗೂ ಕೈಬಿಡಕೂಡದೆಂದು ಗದರುವುದು ಅವಳ ಕೆಲಸ. ಏಣಿಯಂಥ ಮೆಟ್ಟಿಲಲ್ಲಿ ಯಾರಾದರೂ ಜಾರಿದರೆ ಓಡಿಹೋಗಿ ಎತ್ತುವವಳೂ ಅವಳೇ, ಎತ್ತಿ ಕೂರಿಸಿ ಬೈಯುವವಳೂ ಅವಳೇ.

ಅವತ್ತು ಕಂದಕದ ಸುತ್ತಲಿನ ಸಕುರಾ ಮರಗಳ ಹೂವು ಉದುರುತ್ತಿತ್ತು. ಜನವೋ ಜನ. ಸಂಜೆ ಬಾಗಿಲು ಹಾಕುವ ಮುಂಚೆ ಮೇಲೆಲ್ಲ ನೋಡಿಬರಲು ಹೋದ ಅಕ್ಕ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಗೊಣಗುತ್ತ ನಾನೇ ಹತ್ತಿದೆ. ಕೊನೆಯ ಅಂತಸ್ತಿನಲ್ಲಿ, ತೆರೆದ ಕಿಟಕಿಯ ಕೆಳಗೆ, ಗಂಡಸಿನ ಬೂಟು ಒಂದು ಜೊತೆ. ಮೂತಿ ಹೊರಗೆ ಮಾಡಿ ಒಪ್ಪವಾಗಿ ಜೋಡಿಸಿಟ್ಟಿತ್ತು. ಸಾಯಲು ಹಾರುವವರು ನಮ್ಮಲ್ಲಿ ಹಾಗೆಯೇ ಬೂಟು ಬಿಟ್ಟು ಹೋಗುತ್ತಾರೆ. ಕೆಳಗಿನ ಕಂದಕದಲ್ಲಿ ನೀರೇ ಕಾಣದಷ್ಟು ಹೂವು. ಯಾರು ಬಿದ್ದಿದ್ದರೂ ತಿಳಿಯುವಂತಿರಲಿಲ್ಲ.

ಅಕ್ಕ ಆ ಬೂಟಿನ ಪಕ್ಕದಲ್ಲೇ ನಿಂತಿದ್ದಳು. "ಮಧ್ಯಾಹ್ನ ಒಬ್ಬ ಮಂಕಾಗಿ ನಿಂತಿದ್ದ ಕಣೋ. ದಾರಿಗಡ್ಡ ನಿಲ್ಬೇಡ ಅಂತ ಬೈದುಬಿಟ್ಟೆ. ಏನಪ್ಪಾ ಅಂತ ಒಂದು ಮಾತು ಕೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಪೊಲೀಸರು ಬಂದರು. ಬೂಟು ಮುಟ್ಟಬೇಡಿ ಎಂದು ಹೇಳಿ, ನಮ್ಮನ್ನು ಕೆಳಗೆ ಕಳಿಸಿ, ಕಂದಕಕ್ಕೆ ದೋಣಿ ಇಳಿಸಿದರು. ಉದ್ದನೆಯ ಗಳ ಹೂವಿನೊಳಗೆ ಮುಳುಗಿ ಏನಕ್ಕಾದರೂ ತಗುಲಿದಾಗಲೆಲ್ಲ ಅಕ್ಕ ನನ್ನ ತೋಳು ಹಿಂಡುತ್ತಿದ್ದಳು. ಒಮ್ಮೆ ಏನೋ ಕಪ್ಪಗೆ ಮೇಲೆದ್ದಿತು. ಕೊಳೆತ ಮರದ ತುಂಡು. ಅಕ್ಕ ದಂಡೆಯ ಕಲ್ಲಿನ ಮೇಲೆ ಕೂತಳು.

ಅಷ್ಟರಲ್ಲಿ ಹೆಬ್ಬಾಗಿಲಿನಿಂದ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಮುಚ್ಚಿದೆ, ನಾಳೆ ಬನ್ನಿ ಎಂದು ನಾನು ರೇಗಿದೆ.

"ನಮ್ಮೆಜಮಾನ್ರ ಬೂಟು ಮೇಲೆ ಬಿಟ್ಟುಬಂದೆ," ಎಂದಳು.

ಆಕೆಯ ಹೆಸರು ನೊಬುಯೊ. ಹೂವಿನ ಕಾಲಕ್ಕೆ ಇಬ್ಬರೂ ಈ ಕೋಟೆ ಹತ್ತೋಣವೆಂದು ಪ್ರತಿವರ್ಷ ಹೇಳುತ್ತಿದ್ದ ಗಂಡ ಈ ಚಳಿಗಾಲದಲ್ಲಿ ತೀರಿಕೊಂಡನಂತೆ. ಅವನ ಬೂಟನ್ನು ಬಟ್ಟೆಯಲ್ಲಿ ಸುತ್ತಿ ತಂದು, ಹೂವು ಕಾಣಲೆಂದು ಕಿಟಕಿಯ ಕಡೆ ತಿರುಗಿಸಿಟ್ಟಿದ್ದಳು. ಅಳು ತಡೆಯಲಾರದೆ ಹಾಗೆಯೇ ಇಳಿದುಬಿಟ್ಟವಳಿಗೆ ಬಸ್ಸು ಹತ್ತಿದ ಮೇಲೆ ನೆನಪಾಗಿತ್ತು.

"ಕೈಬಿಡಬಾರದು ಅಂತ ನೀವು ಹೇಳಿದ್ರಿ," ಎಂದು ಅಕ್ಕನಿಗೆ ತಲೆಬಾಗಿದಳು. "ತಪ್ಪಾಯ್ತು."

ಈಗ ಬೈಗಳ ಮಳೆ ಸುರಿಯುತ್ತದೆಂದು ಕಾದೆ. ಅಕ್ಕ ಕಲ್ಲಿನ ಮೇಲೆ ಸರಿದು ಜಾಗ ಮಾಡಿದಳು. ಪೊಲೀಸರಿಗೆ ವಿಷಯ ತಿಳಿಸಿ, ಬೂಟು ತರಲು ನಾನು ಮೆಟ್ಟಿಲ ಕಡೆ ಹೊರಟೆ.

"ನಿಲ್ಲೋ," ಎಂದಳು ಅಕ್ಕ, ಮುದುಕಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತ. "ಇನ್ನೂ ಬೆಳಕಿದೆ. ನೋಡ್ಲಿ ಬಿಡು ಇವರ ಯಜಮಾನ್ರು."