ಹತ್ತೊಂಬತ್ತು ಒಂದುಗಳು

ಹತ್ತೊಂಬತ್ತು ಒಂದುಗಳನ್ನು ಪಕ್ಕಪಕ್ಕ ಬರೆದರೆ ಬರುವ ಸಂಖ್ಯೆ ಅವಿಭಾಜ್ಯ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಸರಿಯಾಗಿ ಭಾಗವಾಗದು. ಮೂರು ಒಂದುಗಳನ್ನು ಬರೆದರೆ ಮೂವತ್ತೇಳರಿಂದ ಒಡೆಯುತ್ತದೆ, ಐದು ಬರೆದರೆ ನಲವತ್ತೊಂದರಿಂದ. ಎರಡೇ ಒಂದುಗಳ ಹನ್ನೊಂದನ್ನು ದಾಟಿದ ಮೇಲೆ ಒಡೆಯದೆ ನಿಲ್ಲುವ ಮೊದಲ ಸಾಲು ಇದೇ. ಎಂ.ಎಸ್ಸಿ ಓದುವಾಗ ಕಲಬುರಗಿಯ ಗ್ರಂಥಾಲಯದಲ್ಲಿ ಸಿಕ್ಕಿದ್ದು. ಅಂದಿನಿಂದ ನನ್ನದೇ ಆಸ್ತಿ ಎಂಬಂತೆ ಇಟ್ಟುಕೊಂಡಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು.

ಆದರೆ ನಾನು ಏನು ಓದಿದೆ ಎಂಬುದು ಅವ್ವನಿಗೆ ತಿಳಿದಿರಲಿಲ್ಲ. ಕೇಳಿದವರಿಗೆ ‘ಲೆಕ್ಕಾ ಕಲಿಸ್ತಾಳ’ ಎನ್ನುತ್ತಿದ್ದಳು, ಅದನ್ನು ಕಿರಾಣಿ ಅಂಗಡಿಯವನೂ ಮಾಡುತ್ತಾನೆ ಎಂಬ ದನಿಯಲ್ಲಿ. ತಿಳಿಸಿ ಹೇಳಲು ಎಷ್ಟೋ ಸಲ ಕೂತಿದ್ದೆ. ಭಾಜಕ, ಶೇಷ ಎನ್ನುವಷ್ಟರಲ್ಲಿ ಅವಳಿಗೆ ಆಕಳಿಕೆ.

ಜೇವರ್ಗಿಯಲ್ಲಿ ನಾನು ಕಲಿಸುವ ಕಾಲೇಜಿಗೆ ಕಳೆದ ವರ್ಷ ಆಳಂದದ ಒಬ್ಬಾಕೆ ಬಂದಳು. ಅವಳದೂ ಗಣಿತ, ಬೇಗ ಗೆಳತಿಯಾದಳು. ಅಪ್ಪ ಮಾಸ್ತರು, ಅಜ್ಜನೂ ಮಾಸ್ತರು. ನಾನು ತೊಗರಿ ಹೊಲದಲ್ಲಿ ಕಳೆ ಕೀಳುತ್ತ ಬಾಯಿಪಾಠ ಮಾಡಿದ್ದನ್ನು ಅವಳು ಉಣ್ಣುತ್ತ ಕೇಳಿ ಕಲಿತವಳು. ಒಂದು ರವಿವಾರ ಕೊಳಕೂರಿನ ನಮ್ಮ ಮನೆಗೆ ಊಟಕ್ಕೆ ಕರೆದೊಯ್ದೆ.

ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನೀವಿಬ್ಬರೂ ಅದೇನು ಕಲಿಸುತ್ತೀರಿ ಎಂದು ನನ್ನನ್ನು ಬಿಟ್ಟು ಅವಳನ್ನು ಕೇಳಿದಳು. ಗೆಳತಿ ಹನ್ನೆರಡು ಕಾಳು ಸರಿಸಿ, ಸಮನಾಗಿ ಸಾಲು ಹಚ್ಚಿರಿ ಎಂದಳು. ಅವ್ವ ನಾಲ್ಕು ಕಾಳಿನ ಮೂರು ಸಾಲು ಹಚ್ಚಿದಳು. ಗೆಳತಿ ಇನ್ನೊಂದು ಕಾಳು ಸೇರಿಸಿದಳು. ಈಗ ಎರಡೆರಡು ಇಟ್ಟರೂ, ಮೂರು ಮೂರು ಇಟ್ಟರೂ ಒಂದು ಹೊರಗೇ ಉಳಿಯಿತು.

‘ಇದು ಯಾವ ಪಂಗತಿಗೂ ಕುಂಡ್ರೂದಿಲ್ಲ ಬಿಡು’ ಎಂದು ಅವ್ವ ನಕ್ಕಳು.

ಇಂಥವನ್ನು ಹುಡುಕುವುದೇ ನಮ್ಮ ಓದು ಎಂದ ಗೆಳತಿ, ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಹತ್ತೊಂಬತ್ತು ಗೀಟು ಎಳೆದು, ಇಷ್ಟು ದೊಡ್ಡದೂ ಹೀಗೇ ಎಂದಳು. ನನ್ನ ಸಂಖ್ಯೆ! ಅದನ್ನು ನಿಮ್ಮ ಮಗಳೇ ನನಗೆ ತೋರಿಸಿದ್ದು ಎಂದೂ ಸೇರಿಸಿದಳು. ಅದು ಇನ್ನಷ್ಟು ಉರಿಸಿತು. ಇಷ್ಟು ವರ್ಷ ನನ್ನಿಂದ ಆಗದ್ದು ಇವಳಿಂದ ಒಂದು ಹಿಡಿ ತೊಗರಿಯಲ್ಲಿ ಆಗಿಹೋಗಿತ್ತು.

ಆಗ ಅವ್ವ ಒಂದು ಕಾಳು ಎತ್ತಿ ಹಿಡಿದಳು. ‘ಹಂಗಾರ ಇದೊಂದೇ ಇದ್ರ? ಅದೂ ಇದರಾಗ ಬರ್ತದೇನವ್ವಾ?’

ಇಲ್ಲ, ಒಂದನ್ನು ಅವಿಭಾಜ್ಯ ಎನ್ನುವುದಿಲ್ಲ, ವ್ಯಾಖ್ಯೆಯೇ ಹಾಗಿದೆ ಎಂದಳು ಗೆಳತಿ. ಅವ್ವನ ಮುಖ ಒಪ್ಪಲಿಲ್ಲ. ನನಗೆ ತಡೆಯಲಾಗಲಿಲ್ಲ.

‘ಅವ್ವಾ, ಕಣದಾಗ ರಾಶಿ ಅಳೀವಾಗ ಮೊದಲ್ನೇ ಸೇರಿಗೆ ಒಂದು ಅಂತಿಯೇನು?’

‘ಲಾಭ ಅಂತೇನಿ. ಆಮ್ಯಾಗ ಎರಡು.’

‘ಇಲ್ಲೂ ಹಂಗ. ಒಂದು ಕುಂಡ್ರೂ ಮಣಿನೇ ಬ್ಯಾರೆ.’

ಎಲ್ಲ ಸಂಖ್ಯೆಯನ್ನೂ ಅದು ಭಾಗಿಸುತ್ತದೆ, ಎಷ್ಟು ಸಲ ಗುಣಿಸಿದರೂ ಯಾವುದನ್ನೂ ಬದಲಿಸುವುದಿಲ್ಲ, ಅದಕ್ಕೇ ಬೇರೆ ಕೂರಿಸಿದ್ದೇವೆ ಎಂದೆ. ಅವ್ವ ತಲೆಯಾಡಿಸಿದಳು. ಆಕಳಿಸಲಿಲ್ಲ.

ಮಾಸ್ತರರ ಮನೆಯಲ್ಲಿ ಬೆಳೆದ ಗೆಳತಿಗೆ ರಾಶಿಯ ಲಾಭ ಗೊತ್ತಿರಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಲೇ ಎಂದು ಕೇಳಿದಳು. ಬೇಡ, ಅದು ನಮ್ಮ ಕಣದ್ದು, ನಾನೇ ಹೇಳುತ್ತೇನೆ ಎಂದೆ. ನಗುತ್ತ ಹೇಳಿದರೂ ಖರೇನೇ ಹೇಳಿದೆ.

ಈಗ ಯಾರು ಬಂದರೂ ಅವ್ವ ಮೊರ ತಂದು ಹದಿಮೂರು ಕಾಳು ಹಚ್ಚುತ್ತಾಳೆ. ‘ಆಳಂದದ ಹುಡುಗಿ ತೋರಿಸ್ಯಾಳ’ ಎನ್ನುತ್ತಾಳೆ. ಮೈ ಉರಿಯುತ್ತದೆ. ಆದರೂ ಒಂದರ ಸರದಿ ಬಂದು, ಅವಳು ನನ್ನ ಲಾಭದ ಮಾತು ಹೇಳುವವರೆಗೆ ಅಲ್ಲಿಂದ ಕದಲುವುದಿಲ್ಲ.